ವೈರಲ್ ವಿಡಿಯೊ ಕುರಿತ ಬರಹವನ್ನು ಬೇರೆ ಮಾತಿನಲ್ಲಿ ಹೇಳುವುದು: ಯಾವ ದಾರಿ, ಯಾವಾಗ?

ಮೊನ್ನೆ ನಮ್ಮಲ್ಲಿ ಬರವಣಿಗೆ ಕಲಿಯಲು ಬರುತ್ತಿರುವ ಹುಡುಗಿಯೊಬ್ಬಳು ಒಂದು ಪ್ಯಾರಾ ತಂದು ಮುಂದಿಟ್ಟಳು. ‘ಗಂಗ್ನಮ್ ಸ್ಟೈಲ್’ ವಿಡಿಯೊ ಕುರಿತು ಎಲ್ಲೋ ಓದಿದ್ದನ್ನು ಸಮಾನಾರ್ಥಕ ಪದಗಳ ಸಹಾಯದಿಂದ ಬದಲಾಯಿಸಿ ಬರೆದಿದ್ದಳು. ‘ಸರ್, ಒಂದು ಸಾಲೂ ಮೂಲದ ಹಾಗಿಲ್ಲ, ನೋಡಿ’ ಎಂದಳು. ಅವಳು ಓದಿದ್ದು ಇದು:

‘2012ರ ಜುಲೈ 15ರಂದು ಬಿಡುಗಡೆಯಾದ ಗಂಗ್ನಮ್ ಸ್ಟೈಲ್ ವಿಡಿಯೊ ಅದೇ ವರ್ಷದ ಡಿಸೆಂಬರ್ 21ರಂದು ಯೂಟ್ಯೂಬ್‌ನಲ್ಲಿ 100 ಕೋಟಿ ವೀಕ್ಷಣೆ ಮುಟ್ಟಿ ಹಳೆಯ ದಾಖಲೆಗಳನ್ನೆಲ್ಲ ಮುರಿಯಿತು. ದಕ್ಷಿಣ ಕೊರಿಯಾದ ಗಾಯಕ ಸೈ ಮರಳಿನ ಮೇಲೆ ಒರಗಿರುವ ದೃಶ್ಯದಿಂದ ಶುರುವಾಗುವ ಈ ವಿಡಿಯೊದಲ್ಲಿ ಅವರು ಹಾಕುವ ಕುದುರೆ ಸವಾರಿಯ ಹೆಜ್ಜೆ ಜಗತ್ತಿನ ಮೂಲೆ ಮೂಲೆಯಲ್ಲೂ ಜನಪ್ರಿಯವಾಯಿತು.’

ಅವಳು ಬರೆದದ್ದು ಇದು:

‘2012ರ ಜುಲೈ 15ರಂದು ವಿಮೋಚನೆಗೊಂಡ ಗಂಗ್ನಮ್ ಶೈಲಿ ದೃಶ್ಯಾವಳಿ ಅದೇ ಸಂವತ್ಸರದ ಡಿಸೆಂಬರ್ 21ರಂದು ಯೂಟ್ಯೂಬ್‌ನಲ್ಲಿ 100 ಕೋಟಿ ವೀಕ್ಷಕರನ್ನು ಸ್ಪರ್ಶಿಸಿ ಪುರಾತನ ಕಡತಗಳನ್ನೆಲ್ಲ ಭಗ್ನಗೊಳಿಸಿತು. ದಕ್ಷಿಣ ಕೊರಿಯಾದ ಹಾಡುಗಾರ ಸೈ ಕಡಲತೀರದಲ್ಲಿ ಪವಡಿಸಿರುವ ನೋಟದಿಂದ ಆರಂಭವಾಗುವ ಈ ದೃಶ್ಯಾವಳಿಯಲ್ಲಿ ಅವರು ಧರಿಸುವ ಅಶ್ವಾರೋಹಣದ ಪಾದ ಭೂಮಂಡಲದ ಕೋನ ಕೋನದಲ್ಲೂ ಹೆಸರಾಂತವಾಯಿತು.’

ಇದಕ್ಕಾಗಿ ಅವಳು ನಿಘಂಟು ತೆರೆದಿಟ್ಟುಕೊಂಡು ಅರ್ಧ ದಿನ ಕೂತಿದ್ದಳು. ಅಷ್ಟು ಶ್ರದ್ಧೆಯಿಂದ ದುಡಿದವಳನ್ನು ಕಂಡು ನಗುವ ಮನಸ್ಸು ನನಗೆ ಬರಲಿಲ್ಲ, ಸಂಕಟವಾಯಿತು. ಯಾಕೆಂದರೆ ಅದಕ್ಕಿಂತ ಕಡಿಮೆ ಹೊತ್ತಿನಲ್ಲಿ, ಅದಕ್ಕಿಂತ ಒಳ್ಳೆಯದಾಗಿ ಬರೆಯುವ ದಾರಿಗಳಿವೆ. ಅವನ್ನು ಅವಳಿಗೆ ಯಾರೂ ತೋರಿಸಿರಲಿಲ್ಲ. ಸುದ್ದಿಮನೆಗೆ ಹೊಸದಾಗಿ ಸೇರಿದವರು, ಸ್ವಂತ ಚಾನೆಲ್ ನಡೆಸುವವರು, ಕಾಲೇಜಿನ ಯೋಜನಾ ವರದಿ ಬರೆಯುವವರು ಎಲ್ಲರೂ ಒಂದಲ್ಲ ಒಂದು ದಿನ ಇದೇ ಕೆಲಸಕ್ಕೆ ಕೂರುತ್ತಾರೆ. ಹಾಗಾಗಿ ಇರುವ ದಾರಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡೋಣ. ಉದಾಹರಣೆಗೆ ಅವಳ ಪ್ಯಾರಾವೇ ಸಾಕು.

ಪದ ತೆಗೆದು ಪದ ಇಡುವುದು

ಎಲ್ಲರೂ ಮೊದಲು ಹಿಡಿಯುವ ದಾರಿ ಇದು. ಇದರಲ್ಲಿರುವ ಅಪಾಯ ಹೊರಗಿನಿಂದ ಕಾಣುವುದಿಲ್ಲ. ನಿಘಂಟು ಪದದ ಅರ್ಥ ಹೇಳುತ್ತದೆ, ಆ ಪದದ ಸಹವಾಸವನ್ನು ಹೇಳುವುದಿಲ್ಲ. ಕನ್ನಡದಲ್ಲಿ ಹಾಡು, ಸಿನಿಮಾ, ಪುಸ್ತಕ, ಯೋಜನೆ ನಾಲ್ಕೂ ಜನರ ಮುಂದೆ ಬರುತ್ತವೆ. ಆದರೆ ಹಾಡು ಬಿಡುಗಡೆಯಾಗುತ್ತದೆ, ಸಿನಿಮಾ ತೆರೆ ಕಾಣುತ್ತದೆ, ಪುಸ್ತಕ ಲೋಕಾರ್ಪಣೆಗೊಳ್ಳುತ್ತದೆ, ಯೋಜನೆಗೆ ಚಾಲನೆ ಸಿಗುತ್ತದೆ. ‘ಬಿಡುಗಡೆ’ಗೆ ‘ವಿಮೋಚನೆ’ ಎಂಬ ಅರ್ಥ ನಿಘಂಟಿನಲ್ಲಿ ಇರುವುದು ಹೌದು, ಆದರೆ ಅದು ಸೆರೆಯಿಂದ, ಸಾಲದಿಂದ, ಶಾಪದಿಂದ ಆಗುವ ಬಿಡುಗಡೆ. ಹಾಗೆಯೇ ‘ದಾಖಲೆ’ಗೆ ಎರಡು ಮುಖ. ಮುರಿಯುವ ದಾಖಲೆ ಒಂದು, ಕಚೇರಿಯಲ್ಲಿ ಜೋಪಾನ ಮಾಡುವ ದಾಖಲೆ ಇನ್ನೊಂದು. ಎರಡನೆಯದಕ್ಕೆ ಮಾತ್ರ ‘ಕಡತ’ ಹತ್ತಿರದ ಪದ.

‘ಪವಡಿಸು’ ಎಂಬುದನ್ನು ನಾವು ದೇವರಿಗೆ, ರಾಜರಿಗೆ ಮೀಸಲಿಟ್ಟಿದ್ದೇವೆ. ಬಿಸಿಲು ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಒರಗಿದ ಗಾಯಕನಿಗೆ ಅದು ಹೊಂದುವುದಿಲ್ಲ. ‘ಸಂವತ್ಸರ’ ಯುಗಾದಿಗೆ ಹುಟ್ಟುವ ವರ್ಷ. 2012ರ ಯುಗಾದಿಗೆ ನಂದನ ಸಂವತ್ಸರ ಬಂತು, ಅದು ಮುಂದಿನ ಯುಗಾದಿಯವರೆಗೆ ನಡೆಯಿತು. ಡಿಸೆಂಬರ್ 21 ಅದರೊಳಗೇ ಬಿದ್ದದ್ದು ಅದೃಷ್ಟ. ಅದೇ ವಾಕ್ಯದಲ್ಲಿ ಫೆಬ್ರುವರಿಯ ಮಾತಿದ್ದಿದ್ದರೆ ಮಾಹಿತಿಯೇ ತಪ್ಪಾಗುತ್ತಿತ್ತು. ‘ಹೆಸರಾಂತ’ ಎಂಬ ವಿಶೇಷಣ ಸಾಹಿತಿಗೋ ವೈದ್ಯರಿಗೋ ಹೊಂದುತ್ತದೆ. ಹೆಜ್ಜೆಯೊಂದು ಹೆಸರಾಂತವಾಗುವುದಿಲ್ಲ, ಮನೆಮಾತಾಗುತ್ತದೆ. ಇನ್ನು ‘ಹೆಜ್ಜೆ ಹಾಕು’ ಎಂಬುದು ಬಿಡಿಸಲಾಗದ ಜೋಡಿ. ಒಂದನ್ನು ಪಾದವಾಗಿಸಿ ಇನ್ನೊಂದನ್ನು ಧರಿಸುವಂತೆ ಮಾಡಿದರೆ ಕುಣಿತ ಹೋಗಿ ಪಾದರಕ್ಷೆಯ ಅಂಗಡಿ ಕಣ್ಣಮುಂದೆ ಬರುತ್ತದೆ.

ಇವೆಲ್ಲ ಕಿವಿಗೆ ಕೇಳಿಸುವ ತಪ್ಪುಗಳು. ಗಟ್ಟಿಯಾಗಿ ಓದಿದರೆ ಸಿಕ್ಕಿಬೀಳುತ್ತವೆ. ನನ್ನನ್ನು ಹೆಚ್ಚು ಕಾಡುವುದು ಕಿವಿಗೆ ಕೇಳಿಸದ ಇನ್ನೊಂದು ಬಗೆಯ ತಪ್ಪು. ‘100 ಕೋಟಿ ವೀಕ್ಷಣೆ’ ಹೋಗಿ ‘100 ಕೋಟಿ ವೀಕ್ಷಕರು’ ಆಯಿತು. ವಾಕ್ಯ ಚೆನ್ನಾಗಿಯೇ ಇದೆ, ಸುದ್ದಿ ಸುಳ್ಳು. ಒಬ್ಬನೇ ಹತ್ತು ಸಲ ನೋಡಿದರೆ ಹತ್ತು ವೀಕ್ಷಣೆ, ವೀಕ್ಷಕ ಒಬ್ಬನೇ. ಇಂಗ್ಲಿಷಿನ ಬಿಲಿಯನ್ ಕನ್ನಡದಲ್ಲಿ ನೂರು ಕೋಟಿ, ಬೇಕಾದರೆ ಶತಕೋಟಿ. ‘ಕೋಟ್ಯಂತರ’ ಎಂದೊಡನೆ ಅಂಕಿ ಕರಗಿಹೋಗುತ್ತದೆ. ‘ಹಾಡು’, ‘ವಿಡಿಯೊ’, ‘ಆಲ್ಬಮ್’ ಒಂದರ ಬದಲು ಇನ್ನೊಂದು ಬಳಸುವ ಪದಗಳಲ್ಲ. ಹೆಸರಿಗೆ ಸಮಾನಾರ್ಥಕವೇ ಇಲ್ಲವಾದ್ದರಿಂದ ‘ಸ್ಟೈಲ್’ ‘ಶೈಲಿ’ಯಾಗಬಾರದು. ಅಂಕಿ, ತಾರೀಕು, ಹೆಸರು, ಅಳತೆ ಈ ನಾಲ್ಕಕ್ಕೆ ಪೆನ್ಸಿಲಿನಲ್ಲಿ ಅಡಿಗೆರೆ ಎಳೆದು, ಉಳಿದದ್ದನ್ನು ಮಾತ್ರ ಮುಟ್ಟಿ ಎಂದು ನಾನು ಹೇಳಿಕೊಡುವುದು ಇದಕ್ಕೇ.

ಸಮಾಸದ ತೊಡಕೊಂದು ಬೇರೆ ಇದೆ. ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದರೆ ಅರಿಸಮಾಸ ಎಂಬ ದೋಷವಾಗುತ್ತದೆ ಎಂದು 13ನೆಯ ಶತಮಾನದ ವ್ಯಾಕರಣಕಾರ ಕೇಶಿರಾಜನ ಕಾಲದಿಂದಲೂ ನಮ್ಮ ವ್ಯಾಕರಣ ಎಚ್ಚರಿಸುತ್ತ ಬಂದಿದೆ. ಬಿರುದಾವಳಿಯಂಥ ಕೆಲವು ಕಡೆ ವಿನಾಯಿತಿ ಉಂಟು. ಇಂದು ಆ ನಿಯಮವನ್ನು ಯಾರೂ ಅಕ್ಷರಶಃ ಪಾಲಿಸುವುದಿಲ್ಲ, ನಾನೂ ಇಲ್ಲ. ಆದರೂ ‘ಕುದುರೆ ಕುಣಿತ’ದ ಒಂದು ಕಾಲು ಮಾತ್ರ ಬದಲಿಸಿ ‘ಅಶ್ವಕುಣಿತ’ ಎಂದಾಗ ನಾಲಿಗೆ ತಡವರಿಸುತ್ತದಲ್ಲ, ಆ ನಿಯಮ ಹುಟ್ಟಿದ್ದೇ ಅಂಥ ತಡವರಿಕೆಯಿಂದ. ಬದಲಿಸುವುದಾದರೆ ಎರಡನ್ನೂ ಬದಲಿಸಬೇಕು, ಇಲ್ಲವೇ ಎರಡನ್ನೂ ಬಿಡಬೇಕು. ‘ಕುದುರೆ ಕುಣಿತ’ ಎಂಬ ಪದದ ಬಗ್ಗೆಯೂ ನನಗೊಂದು ಅಳುಕಿದೆ. ನಮ್ಮವರಿಗೆ ಹಾಗೆಂದ ಕೂಡಲೇ ಜಾತ್ರೆ, ಮೆರವಣಿಗೆಯ ಕೀಲುಕುದುರೆ ನೆನಪಾಗುತ್ತದೆ. ಅಲ್ಲಿ ಕಲಾವಿದರ ಸೊಂಟಕ್ಕೆ ಬಣ್ಣ ಬಣ್ಣದ ಕುದುರೆಯ ಚೌಕಟ್ಟು ಇರುತ್ತದೆ. ಸೈ ಕುಣಿತದಲ್ಲಿ ಕುದುರೆ ಇಲ್ಲವೇ ಇಲ್ಲ. ಲಗಾಮು ಹಿಡಿದಂತೆ ಎರಡು ಕೈ ಮುಂದೆ ಅಡ್ಡಲಾಗಿ ಬರುತ್ತವೆ, ಕಾಲು ನಾಗಾಲೋಟದ ಲಯದಲ್ಲಿ ಜಿಗಿಯುತ್ತದೆ, ಅಷ್ಟೇ. ‘ಕುದುರೆ ಸವಾರಿಯ ಹೆಜ್ಜೆ’ ಎಂದು ಮೂಲ ಬರೆದವರು ಯೋಚಿಸಿಯೇ ಬರೆದಿದ್ದಾರೆ.

ಹಾಗಾದರೆ ಈ ದಾರಿಯನ್ನು ಯಾವಾಗ ಹಿಡಿಯಬಹುದು? ನಿಮ್ಮದೇ ಬರಹದಲ್ಲಿ ಒಂದೇ ಪದ ಮತ್ತೆ ಮತ್ತೆ ಬಂದು ಚುಚ್ಚಿದಾಗ. ಒಂದು ಪ್ಯಾರಾದಲ್ಲಿ ‘ವೈರಲ್ ಆಯಿತು’ ಮೂರು ಸಲ ಇದ್ದರೆ ಒಂದನ್ನು ‘ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು’ ಎಂದು, ಇನ್ನೊಂದನ್ನು ‘ಸದ್ದು ಮಾಡಿತು’ ಎಂದು ಮಾಡಿ. ‘ವಿಡಿಯೊ’ ಐದು ಸಲ ಬಂದರೆ ಚಿಂತೆ ಬೇಡ, ಅದರಲ್ಲಿ ಎರಡನ್ನು ‘ಇದು’, ‘ಇದರಲ್ಲಿ’ ಎಂಬ ಸರ್ವನಾಮವೇ ನುಂಗಿಕೊಳ್ಳುತ್ತದೆ. ಓದುವವರು ಬದಲಾದಾಗಲೂ ಈ ದಾರಿ ಉಪಯುಕ್ತ. ಮಕ್ಕಳಿಗಾದರೆ ‘ವೀಕ್ಷಣೆ’ಯನ್ನು ‘ನೋಡಿದ ಸಲ’ ಎಂದು ಬಿಡಿಸಬಹುದು. ಬೇರೆಯವರ ಬರಹವನ್ನು ನಿಮ್ಮದಾಗಿಸಿಕೊಳ್ಳಲು ಮಾತ್ರ ಇದನ್ನು ಹಿಡಿಯಬೇಡಿ.

ಯಂತ್ರಕ್ಕೆ ಒಪ್ಪಿಸುವುದು

ಕನ್ನಡದಿಂದ ಇಂಗ್ಲಿಷಿಗೆ, ಮತ್ತೆ ಇಂಗ್ಲಿಷಿನಿಂದ ಕನ್ನಡಕ್ಕೆ ಯಂತ್ರಾನುವಾದ ಮಾಡಿಸಿದರೆ ಬರಹ ತಾನಾಗಿ ಬೇರೆಯಾಗುತ್ತದೆ ಎಂಬ ಉಪಾಯ ಈಚೆಗೆ ಬಹಳ ಚಾಲ್ತಿಯಲ್ಲಿದೆ. ವೇಗ ಇದರ ಗುಣ. ವಾಕ್ಯ ನೇರವಾಗಿದ್ದರೆ, ಬರೀ ತಾರೀಕು ಅಂಕಿಗಳಿದ್ದರೆ ಪರವಾಗಿಲ್ಲ ಎನ್ನುವಂಥ ಫಲವೂ ಬರುತ್ತದೆ.

ಆದರೆ ಇಂಗ್ಲಿಷಿನ ಬಾಗಿಲಲ್ಲಿ ಕನ್ನಡ ಕೆಲವನ್ನು ಕಳಚಿಟ್ಟು ಹೋಗಬೇಕಾಗುತ್ತದೆ. ಮೊದಲು ಕಳಚುವುದು ಗೌರವ. ‘ಅವರು ಕುಣಿದರು’ ಎಂಬುದು ಹೋಗಿ ಬರುವಷ್ಟರಲ್ಲಿ ‘ಅವನು ನೃತ್ಯ ಮಾಡಿದನು’ ಆಗಿರುವುದನ್ನು ನಾನು ಎಷ್ಟೋ ಬಾರಿ ತಿದ್ದಿದ್ದೇನೆ. ಕೆಲವೊಮ್ಮೆ ಒಬ್ಬರು ಹಲವರಾಗಿ ಮರಳುತ್ತಾರೆ. ಎರಡನೆಯದಾಗಿ ಕುಣಿತ, ನೃತ್ಯ, ನಾಟ್ಯ, ನರ್ತನ ಇವುಗಳ ನಡುವಿನ ಅಂತರ ಅಳಿಸಿಹೋಗುತ್ತದೆ. ಬಸ್ಸಿನೊಳಗೆ, ಲಿಫ್ಟಿನೊಳಗೆ, ಕುದುರೆ ಲಾಯದಲ್ಲಿ ಮೈಮರೆತು ಹಾಕುವ ಹೆಜ್ಜೆಗೆ ‘ಕುಣಿತ’ವೇ ಸರಿ. ‘ನಾಟ್ಯ’ ಎಂದರೆ ರಂಗ, ಗೆಜ್ಜೆ, ಗುರುಗಳು ನೆನಪಾಗುತ್ತಾರೆ.

ಈ ಹಾಡಿನ ವಿಷಯದಲ್ಲಿ ಇನ್ನೂ ಕಷ್ಟದ ಪದ ‘ಒಪ್ಪಾ’. ಕೊರಿಯಾದಲ್ಲಿ ಹೆಣ್ಣುಮಕ್ಕಳು ತಮ್ಮ ಅಣ್ಣನನ್ನು ಕರೆಯುವ ಪದ ಇದು. ತಮಗಿಂತ ತುಸು ದೊಡ್ಡವನಾದ ಗೆಳೆಯನನ್ನು, ಪ್ರಿಯಕರನನ್ನು ಕರೆಯುವುದೂ ಹಾಗೆಯೇ. ಹಾಡಿನಲ್ಲಿ ಸೈ ತನ್ನನ್ನೇ ಹಾಗೆ ಕರೆದುಕೊಳ್ಳುತ್ತಾರೆ. ಯಂತ್ರ ಇದನ್ನು ‘ಅಣ್ಣ’ ಮಾಡಿದರೆ ಕನ್ನಡದಲ್ಲಿ ಕಥೆಯೇ ಮುಗಿಯಿತು, ಅಣ್ಣ ಎಂದು ಕರೆದ ಮೇಲೆ ಪ್ರೇಮಕ್ಕೆ ಎಡೆಯೆಲ್ಲಿ? ‘ಮಾವ’ ಎಂದರೆ ಸಲಿಗೆ ಬರುತ್ತದೆ, ಸಂಬಂಧ ತಪ್ಪುತ್ತದೆ. ಇಂಥ ಕಡೆ ಬದಲಿ ಪದ ಹುಡುಕುವುದನ್ನೇ ಬಿಟ್ಟು, ‘ಒಪ್ಪಾ’ವನ್ನು ಹಾಗೆಯೇ ಉಳಿಸಿ, ಒಂದು ವಾಕ್ಯದಲ್ಲಿ ವಿವರಿಸುವುದು ನನಗೆ ಸರಿ ಕಾಣುತ್ತದೆ. ‘ಗಂಗ್ನಮ್’ ಕೂಡ ಹಾಗೆಯೇ. ನದಿಯ ದಕ್ಷಿಣ ಎಂದು ಅದರ ಅರ್ಥ. ಸೋಲ್ ನಗರದ ಹಾನ್ ನದಿಯ ದಕ್ಷಿಣಕ್ಕಿರುವ ಸಿರಿವಂತರ ಬಡಾವಣೆ ಅದು. ಅರ್ಥ ಹೇಳಿ, ಹೆಸರನ್ನು ಅನುವಾದಿಸಬೇಡಿ.

ಯಂತ್ರವನ್ನು ಬಳಸಲೇಬೇಕೆಂದಿದ್ದರೆ, ಅದು ಕೊಟ್ಟದ್ದನ್ನು ಮೂಲದ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ತಾಳೆ ನೋಡಲು ಸಮಯವಿದ್ದಾಗ ಮಾತ್ರ ಬಳಸಿ. ಅಷ್ಟು ಸಮಯವಿದ್ದವರಿಗೆ ಮುಂದಿನ ಎರಡು ದಾರಿಗಳೇ ಸಾಕಾಗುತ್ತವೆ.

ವಾಕ್ಯವನ್ನು ಬಿಚ್ಚಿ ಮತ್ತೆ ಕಟ್ಟುವುದು

ಪದಗಳನ್ನು ಹಾಗೆಯೇ ಬಿಟ್ಟು ಜೋಡಣೆಯನ್ನು ಬದಲಿಸುವ ದಾರಿ ಇದು. ಕನ್ನಡಕ್ಕೆ ಇದರಲ್ಲಿ ದೊಡ್ಡ ಅನುಕೂಲವಿದೆ. ವಿಭಕ್ತಿ ಪ್ರತ್ಯಯ ಪದದ ಜೊತೆಗೇ ಇರುವುದರಿಂದ ಕರ್ತೃ, ಕರ್ಮಗಳನ್ನು ಹಿಂದೆ ಮುಂದೆ ಮಾಡಿದರೂ ಅರ್ಥ ಕೆಡುವುದಿಲ್ಲ. ‘ಬಿಡುಗಡೆಯಾದ ವಿಡಿಯೊ’ ಎಂಬ ಕೃದಂತವನ್ನು ಬಿಚ್ಚಿ ಎರಡು ವಾಕ್ಯ ಮಾಡಬಹುದು, ಎರಡನ್ನು ‘ಮುಟ್ಟಿ’, ‘ಮುರಿದು’ ಎಂದು ಪೋಣಿಸಿ ಒಂದು ಮಾಡಲೂಬಹುದು.

‘ಐದು ತಿಂಗಳು ಬೇಕಾಯಿತು, ಅಷ್ಟೇ. ಜುಲೈ 15ರಂದು ಹೊರಬಂದ ವಿಡಿಯೊವನ್ನು 2012ರ ಡಿಸೆಂಬರ್ 21ರ ಹೊತ್ತಿಗೆ ಯೂಟ್ಯೂಬ್‌ನಲ್ಲಿ 100 ಕೋಟಿ ಸಲ ನೋಡಲಾಗಿತ್ತು.’

ಇಲ್ಲಿ ಕಠಿಣವಾದ ಪದ ಒಂದೂ ಇಲ್ಲ, ಆದರೂ ಪ್ಯಾರಾ ಬೇರೆಯದೇ ಆಯಿತು. ತಿಂಗಳ ಲೆಕ್ಕ ನಾವು ಹಾಕಿದ್ದು, ಮೂಲದಲ್ಲಿ ಇರಲಿಲ್ಲ. ವಾಕ್ಯ ಬಿಚ್ಚಲು ಕೂತರೆ ಹೀಗೆ ಮಾಹಿತಿಯನ್ನೂ ಬಿಚ್ಚಿ ನೋಡುವ ಅಭ್ಯಾಸವಾಗುತ್ತದೆ. ಹಾಗೆ ನೋಡಿದ್ದರಿಂದಲೇ ಮೂಲದ ಒಂದು ಹುಳುಕೂ ಸಿಕ್ಕಿತು. ‘100 ಕೋಟಿ ಮುಟ್ಟಿ ದಾಖಲೆ ಮುರಿಯಿತು’ ಎಂದು ಅಲ್ಲಿ ಎರಡನ್ನೂ ಒಂದೇ ದಿನಕ್ಕೆ ಕಟ್ಟಲಾಗಿದೆ. ಯೂಟ್ಯೂಬ್‌ನಲ್ಲಿ ಅತಿ ಹೆಚ್ಚು ವೀಕ್ಷಣೆಯ ದಾಖಲೆ ಮುರಿದದ್ದು ನವೆಂಬರ್ 24ರಂದು, ಜಸ್ಟಿನ್ ಬೀಬರ್ ಅವರ ‘ಬೇಬಿ’ಯನ್ನು ಹಿಂದಿಕ್ಕಿದಾಗ. 100 ಕೋಟಿ ಮುಟ್ಟಿದ ಮೊದಲ ವಿಡಿಯೊ ಎನಿಸಿಕೊಂಡದ್ದು ಅದಾದ ಸುಮಾರು ನಾಲ್ಕು ವಾರಕ್ಕೆ. ಪದ ಬದಲಿಸುತ್ತಾ ಹೋಗುವವರ ಕಣ್ಣಿಗೆ ಇದು ಎಂದೂ ಬೀಳುವುದಿಲ್ಲ, ಏಕೆಂದರೆ ಅವರು ಮೂಲದ ವಾಕ್ಯವನ್ನು ನಂಬಿಕೊಂಡೇ ಕೆಲಸ ಮಾಡುತ್ತಿರುತ್ತಾರೆ.

ಪದ ಬದಲಾದಂತೆ ಮೂಲದವರ ತಪ್ಪು ಬೆಳೆಯುವುದೂ ಉಂಟು. 2014ರ ಡಿಸೆಂಬರ್‌ನಲ್ಲಿ ಈ ವಿಡಿಯೊದ ವೀಕ್ಷಣೆ 2,14,74,83,647 ದಾಟಿತು. ಕಂಪ್ಯೂಟರಿನಲ್ಲಿ ಒಂದು ಸಂಖ್ಯೆಗೆ 32 ಬಿಟ್‌ಗಳನ್ನು (0 ಅಥವಾ 1 ಹಿಡಿಯುವ ಮನೆಗಳನ್ನು) ಕೊಟ್ಟು, ಅದರಲ್ಲೊಂದನ್ನು ಧನ-ಋಣ ಚಿಹ್ನೆಗೆ ಮೀಸಲಿಟ್ಟರೆ ಹಿಡಿಸಬಹುದಾದ ಅತಿ ದೊಡ್ಡ ಪೂರ್ಣಾಂಕ ಅದು. ಎಣಿಕೆ ಅದನ್ನು ಮೀರುತ್ತದೆ ಎಂದು ಎಂಜಿನಿಯರ್‌ಗಳು ಮೊದಲೇ ಅರಿತು ವ್ಯವಸ್ಥೆಯನ್ನು 64 ಬಿಟ್‌ಗಳಿಗೆ ಬದಲಿಸಿದ್ದರು. ಆದರೆ ‘ಎಣಿಕೆಯ ಮಿತಿ ಮುರಿಯಿತು’ ಎಂದು ಒಬ್ಬರು ಬರೆದರೆ, ಇನ್ನೊಬ್ಬರು ‘ಎಣಿಕೆಯಂತ್ರ ಮುರಿಯಿತು’ ಎನ್ನುತ್ತಾರೆ. ಮೂರನೆಯವರ ಕೈಯಲ್ಲಿ ಅದು ‘ಯೂಟ್ಯೂಬ್ ಕುಸಿಯಿತು’ ಎಂದಾಗಲು ಹೆಚ್ಚು ಹೊತ್ತು ಬೇಡ. ಪ್ರತಿಯೊಬ್ಬರೂ ಬದಲಿಸಿದ್ದು ಒಂದೊಂದೇ ಪದ.

ಸುದ್ದಿಸಂಸ್ಥೆಯಿಂದ ಬಂದ ಪ್ರತಿಯನ್ನು ಹತ್ತು ನಿಮಿಷದಲ್ಲಿ ನಮ್ಮ ಪುಟಕ್ಕೆ ಹೊಂದಿಸಬೇಕಾದವರಿಗೆ, ಒಂದೇ ವಿಷಯವನ್ನು ವಿಡಿಯೊದ ಕೆಳಗಿನ ವಿವರಣೆಗೂ ವಾಟ್ಸ್‌ಆ್ಯಪ್ ಸಂದೇಶಕ್ಕೂ ಬರೆಯಬೇಕಾದವರಿಗೆ ಈ ದಾರಿಯನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ.

ವಿಡಿಯೊ ನೋಡಿ, ಪುಸ್ತಕ ಮುಚ್ಚಿ, ಬರೆಯುವುದು

ಪುರಾತನ ಶಾಸನದ ಬಗ್ಗೆ ಬರೆಯುವವರಿಗೆ ಶಾಸನ ಸಿಗದಿರಬಹುದು. ವಿಡಿಯೊ ಬಗ್ಗೆ ಬರೆಯುವವರಿಗೆ ಆ ಕಷ್ಟವಿಲ್ಲ, ಅದು ಕೈಯಲ್ಲೇ ಇದೆ. ನಾಲ್ಕು ನಿಮಿಷ ಚಿಲ್ಲರೆ ಅಷ್ಟೇ. ಆ ಹುಡುಗಿಯನ್ನು ಕೇಳಿದೆ, ‘ನೋಡಿದೆಯಾ?’ ‘ಚಿಕ್ಕವಳಿದ್ದಾಗ ನೋಡಿದ್ದೆ ಸರ್, ಸರಿಯಾಗಿ ನೆನಪಿಲ್ಲ’ ಎಂದಳು. ಅವಳ ‘ಕಡಲತೀರ’ ಬಂದದ್ದು ಅಲ್ಲಿಂದ. ಮೂಲದಲ್ಲಿ ‘ಮರಳು’ ಇತ್ತು, ಒರಗಿದ ಮನುಷ್ಯನಿದ್ದ. ಮರಳಿಗೆ ಬದಲಿ ಹುಡುಕುತ್ತ ಹೋದ ಮನಸ್ಸು ಸಹಜವಾಗಿ ಸಮುದ್ರಕ್ಕೆ ಹೋಯಿತು.

ಇಬ್ಬರೂ ಕೂತು ನೋಡಿದೆವು. ಕಪ್ಪು ಕನ್ನಡಕ ಹಾಕಿಕೊಂಡು ಸೈ ಆರಾಮವಾಗಿ ಒರಗಿದ್ದಾರೆ. ಮೊದಲ ಕ್ಷಣಕ್ಕೆ ಯಾವುದೋ ದುಬಾರಿ ಬೀಚ್ ಎಂದೇ ಅನ್ನಿಸುತ್ತದೆ. ಕ್ಯಾಮೆರಾ ಹಿಂದೆ ಸರಿದಾಗ ಗೊತ್ತಾಗುತ್ತದೆ, ಅದು ಮಕ್ಕಳು ಆಡುವ ಮೈದಾನದ ಮರಳು. ಪಕ್ಕದಲ್ಲಿ ಪುಟ್ಟ ಹುಡುಗ ಕುಣಿಯುತ್ತಿದ್ದಾನೆ. ಇಡೀ ವಿಡಿಯೊ ನಡೆಯುವುದೇ ಹೀಗೆ, ತೋರಿಕೆ ಒಂದು, ಇರುವುದು ಇನ್ನೊಂದು. ಇಬ್ಬರು ಹೆಂಗಸರನ್ನು ಅಕ್ಕಪಕ್ಕ ಇಟ್ಟುಕೊಂಡು ಗತ್ತಿನಲ್ಲಿ ನಡೆಯುವಾಗ ಮುಖಕ್ಕೆ ಕಸ ಕಡ್ಡಿ ರಾಚುತ್ತದೆ. ಸಿರಿವಂತರ ಬಡಾವಣೆಯ ಹೆಸರು ಹೇಳಿಕೊಂಡು ಮೆರೆಯುವವರನ್ನು ಹಾಡು ಚುಡಾಯಿಸುತ್ತಿದೆ. ಅವಳ ಮೂಲ ಬರಹದಲ್ಲಿ ಈ ಮಾತು ಒಂದಕ್ಷರವೂ ಇರಲಿಲ್ಲ. ಎಷ್ಟು ಸಮಾನಾರ್ಥಕ ಪದ ಹಾಕಿದರೂ ಅದು ಬರುತ್ತಲೂ ಇರಲಿಲ್ಲ.

ಈ ದಾರಿಗೆ ಹೊತ್ತು ಹೆಚ್ಚು ಬೇಕು ಎನ್ನುತ್ತಾರೆ. ನೋಡಲು ಐದು ನಿಮಿಷ, ನೆನಪಿಟ್ಟುಕೊಂಡದ್ದನ್ನು ಬರೆಯಲು ಇಪ್ಪತ್ತು, ತಾರೀಕು ಅಂಕಿ ತಾಳೆ ನೋಡಲು ಇನ್ನು ಹತ್ತು. ಮೂಲ ಬರಹವನ್ನು ಕಣ್ಣೆದುರು ಇಟ್ಟುಕೊಳ್ಳಬಾರದು ಎಂಬುದೊಂದೇ ಕಟ್ಟುಪಾಡು. ಅಂಕಿಗಳನ್ನು ಮಾತ್ರ ಬೇರೆ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಸಮಯವಿದ್ದವರು, ತಮ್ಮ ಹೆಸರು ಹಾಕಿ ಪ್ರಕಟಿಸುವವರು ಇದನ್ನೇ ಆರಿಸಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗೆಯೇ ಎತ್ತಿಕೊಂಡು ಹೆಸರು ಹೇಳುವುದು

ಮೂಲದವರು ಒಂದು ಮಾತನ್ನು ಅಷ್ಟು ಚೆನ್ನಾಗಿ ಹೇಳಿದ್ದರೆ ಅದನ್ನು ಬದಲಿಸುವುದೇ ಅನ್ಯಾಯ. ಉದ್ಧರಣ ಚಿಹ್ನೆಯೊಳಗೆ ಇಟ್ಟು ಬರೆದವರ ಹೆಸರು ಹೇಳಿ. ಒಂದೆರಡು ಸಾಲಿಗೆ ಮಾತ್ರ ಇದು ಸರಿ, ಇಡೀ ಪ್ಯಾರಾಗಳನ್ನು ಎತ್ತುವುದಕ್ಕಲ್ಲ. ವಿಕಿಪೀಡಿಯದ ಬರಹವಾದರೆ ಆಕರ ತಿಳಿಸಿ, ಅದೇ ಪರವಾನಗಿಯ ಅಡಿ ಹಂಚಿಕೊಳ್ಳುವ ಷರತ್ತಿನ ಮೇಲೆ ಹೆಚ್ಚು ಬಳಸಲೂ ಅವಕಾಶವಿದೆ.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ‘ಪದ ಬದಲಿಸಿದರೆ ತೊಂದರೆಯಿಲ್ಲ’ ಎಂಬ ನಂಬಿಕೆ ಎಲ್ಲೆಡೆ ಇದೆ. ಮಾಹಿತಿಯ ಮೇಲೆ ಯಾರಿಗೂ ಹಕ್ಕುಸ್ವಾಮ್ಯವಿಲ್ಲ, ಅದನ್ನು ಹೇಳಿದ ಬಗೆಯ ಮೇಲೆ ಇದೆ. 1978ರ ಆರ್. ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಎರಡನ್ನೂ ಓದಿದವರಿಗೆ ಅಥವಾ ನೋಡಿದವರಿಗೆ ಎರಡನೆಯದು ಮೊದಲನೆಯದರ ನಕಲೇ ಎಂದು ನಿಸ್ಸಂಶಯವಾಗಿ ಅನ್ನಿಸುತ್ತದೆಯೇ ಎಂಬುದು ಅಲ್ಲಿ ಹೇಳಿದ ಒರೆಗಲ್ಲು. ಜುಲೈ 15ರ ದಿನಾಂಕವನ್ನು ನೀವು ಹಾಗೆಯೇ ಬಳಸಬಹುದು. ಆದರೆ ವಾಕ್ಯದ ಹಿಂದೆ ವಾಕ್ಯ, ಅದೇ ಕ್ರಮ, ಅದೇ ಒತ್ತು ಉಳಿಸಿಕೊಂಡು ಪದ ಮಾತ್ರ ಬದಲಿಸಿದರೆ ಆ ಒರೆಗಲ್ಲಿನ ಮುಂದೆ ನಿಲ್ಲುವುದು ಕಷ್ಟ.

ಉನ್ನತ ಶಿಕ್ಷಣದ ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಗಳಿವೆ. ಶೇ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ, ಶೇ 60 ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಸಮಾನಾರ್ಥಕ ಪದ ಹಾಕಿ ಆ ಶೇಕಡಾವಾರನ್ನು ಇಳಿಸಬಹುದು ಎಂದು ಹಲವರು ಈ ಕೆಲಸಕ್ಕೆ ಇಳಿಯುತ್ತಾರೆ. ಅದೇ ನಿಯಮಗಳ ವ್ಯಾಖ್ಯೆಯಲ್ಲಿ ಕೃತಿಚೌರ್ಯವೆಂದರೆ ಬೇರೆಯವರ ಕೃತಿಯನ್ನಷ್ಟೇ ಅಲ್ಲ, ವಿಚಾರವನ್ನೂ ತನ್ನದೆಂದು ತೋರಿಸುವುದು. ಹಾಗಾಗಿ ವಿದ್ಯಾರ್ಥಿಗಳು ಮೂಲವನ್ನು ಹೇಳದೆ ಯಾವ ದಾರಿ ಹಿಡಿದರೂ ಕ್ಷೇಮವಲ್ಲ. ವಾಕ್ಯ ಬಿಚ್ಚಿ ಕಟ್ಟಿದರೂ ಆಕರದ ಹೆಸರು ಕೊಡಿ.

ಆ ಹುಡುಗಿ ಸಂಜೆಯ ಹೊತ್ತಿಗೆ ಇನ್ನೊಂದು ಪ್ಯಾರಾ ತಂದಳು:

‘ಮರಳಿನ ಮೇಲೆ ಒರಗಿದ ಸೈ ಅವರನ್ನು ನೋಡಿ ಕಡಲತೀರ ಎಂದುಕೊಳ್ಳುತ್ತೇವೆ. ಅದು ಮಕ್ಕಳ ಆಟದ ಮೈದಾನ. ಸೋಲ್ ನಗರದ ಸಿರಿವಂತರ ಗತ್ತನ್ನು ಹೀಗೆ ಕೆಣಕುವ ಗಂಗ್ನಮ್ ಸ್ಟೈಲ್ ವಿಡಿಯೊ 2012ರ ಜುಲೈ 15ರಂದು ಬಂತು. ನವೆಂಬರ್ 24ಕ್ಕೆ ಯೂಟ್ಯೂಬ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ವೀಕ್ಷಣೆ ಪಡೆದದ್ದು ಇದೇ ಆಯಿತು, ಡಿಸೆಂಬರ್ 21ಕ್ಕೆ 100 ಕೋಟಿ ಮುಟ್ಟಿತು. ಲಗಾಮು ಹಿಡಿದಂತೆ ಕೈ ಮಾಡಿ ಸೈ ಹಾಕಿದ ಹೆಜ್ಜೆಯನ್ನು ಆಮೇಲೆ ಯಾರು ಹಾಕಲಿಲ್ಲ?’

ಕೊನೆಯ ಸಾಲನ್ನು ಓದಿ, ನಿನ್ನ ತರಗತಿಯಲ್ಲೂ ಹಾಕಿದ್ದರೇ ಎಂದು ಕೇಳಿದೆ. ಶಾಲಾ ವಾರ್ಷಿಕೋತ್ಸವದಲ್ಲಿ ತಾನೇ ಹಾಕಿದ್ದಾಗಿ ಹೇಳಿದಳು. ಅದನ್ನೇ ಸೇರಿಸು ಎಂದೆ.